ಸೆಕೆಂಡ್ ಹ್ಯಾಂಡ್ ಆರ್‌ಸಿ ವಿಮಾನ ತಗೊಳ್ಳುವ ಮುಂಚೆ ಇದನ್ನು ಓದಿ

ರೇಡಿಯೋ ಕಂಟ್ರೋಲ್ ವಿಮಾನ ಬಿದ್ದರೆ ಮೈದಾನದಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಸಿಗ್ನಲ್ ಹೋಯ್ತು". ನನ್ನದು ಬಿದ್ದಾಗ ಮಾರಿದವರೂ ಫೋನಿನಲ್ಲಿ ಅದನ್ನೇ ಹೇಳಿದರು. ಆದರೆ ಸಿಗ್ನಲ್ ಹೋಗಿರಲಿಲ್ಲ. ವಿಮಾನದೊಳಗೆ ಸಿಗ್ನಲ್ ಹಿಡಿಯುವ ರಿಸೀವರಿಗೆ ಕರೆಂಟೇ ನಿಂತುಹೋಗಿತ್ತು.

ನೋಡೋಕೆ ಚೆನ್ನಾಗಿಯೇ ಇದ್ದ, ಬಾಲ್ಸಾ ಅನ್ನೋ ಹಗುರ ಮರದ ವಿಮಾನ. 3 ಸೆಲ್ ಲಿಪೋ ಬ್ಯಾಟರಿ, ಲೋಹದ ಗೇರಿನ 4 ಡಿಜಿಟಲ್ ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರುಗಳು). "ಎಲ್ಲಾ ಸೆಟ್ ಮಾಡಿದೀನಿ, ಬ್ಯಾಟರಿ ಹಾಕಿ ಹಾರಿಸಿ ಅಷ್ಟೇ" ಅಂದಿದ್ದರು. ಒಣಗಿದ ಕೆರೆಯ ಅಂಗಳದಲ್ಲಿ, ಒಳ್ಳೇ ಬಿಸಿಲಲ್ಲಿ ಹಾರಿಸಿದೆ. ನೆಟ್ಟಗೆ ಏರಿತು, ಸುತ್ತು ಹೊಡೆಯಿತು. ಆಮೇಲೆ ಒಂದು ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಮೋಟರ್ ಸದ್ದು ನಿಂತಿತು, ಸ್ಟಿಕ್ ಎಷ್ಟು ಎಳೆದರೂ ಮೂಗು ಮೇಲೇಳಲಿಲ್ಲ, ವಾಲಿದ್ದು ವಾಲಿದ ಹಾಗೇ ಬಂದು ನೆಲಕ್ಕೆ ಬಡಿಯಿತು. ದನ ಮೇಯಿಸುತ್ತಿದ್ದ ಹುಡುಗನೊಬ್ಬ ಹತ್ತಿರದಲ್ಲೇ ನಿಂತಿದ್ದ. ಅವನಿಗೆ ಏನೂ ಆಗಲಿಲ್ಲ. ವಿಮಾನದ ದುಡ್ಡು ಹೋದದ್ದಕ್ಕಿಂತ ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಭಯ ಆಗುತ್ತದೆ.

ಹತ್ತಿರ ಹೋಗಿ ನೋಡಿದರೆ ಮುರಿದ ಬಾಲದಲ್ಲಿ ಎಲಿವೇಟರ್ (ಮೂಗು ಏಳಿಸಿ ಇಳಿಸುವ ಪಟ್ಟಿ) ಮತ್ತೆ ಸ್ಟಿಕ್ಕಿನ ಮಾತು ಕೇಳುತ್ತಿತ್ತು! ರಿಸೀವರಿನ ದೀಪ ಮಿನುಗುತ್ತಿತ್ತು. ಕೆಲವು ರಿಸೀವರುಗಳಲ್ಲಿ ಇದರ ಅರ್ಥ, ನಡುವೆ ಕರೆಂಟ್ ಕಟ್ಟಾಗಿ ವಾಪಸ್ ಬಂದಿದೆ ಅಂತ. ಮೋಟರಿನ ವೇಗ ಹಿಡಿತದಲ್ಲಿಡುವ ಇಎಸ್‌ಸಿ ಮುಟ್ಟಿದರೆ ಬೆರಳು ಸುಡುವಷ್ಟು ಬಿಸಿ.

ಆಗಿದ್ದು ಇಷ್ಟು. ಇಂಥ ವಿಮಾನದಲ್ಲಿ ರಿಸೀವರಿಗೂ ಸರ್ವೋಗಳಿಗೂ 5 ವೋಲ್ಟ್ ಕೊಡುವುದು ಇಎಸ್‌ಸಿ ಒಳಗಿರುವ ಬಿಇಸಿ, ಅಂದರೆ ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಭಾಗ. ಇದರಲ್ಲಿದ್ದದ್ದು ಅಗ್ಗದ ಲೀನಿಯರ್ ಬಿಇಸಿ, 2 ಆಂಪಿಯರಿನದು. ಫುಲ್ ಚಾರ್ಜ್ ಆದ 3 ಸೆಲ್ ಬ್ಯಾಟರಿ 12.6 ವೋಲ್ಟ್ ಇರುತ್ತದೆ. ಉಳಿದ 7.6 ವೋಲ್ಟನ್ನು ಲೀನಿಯರ್ ಬಿಇಸಿ ಸುಮ್ನೆ ಬಿಸಿ ಮಾಡಿ ಕಳೆಯುತ್ತದೆ. 1 ಆಂಪಿಯರ್ ಎಳೆದರೂ 7.6 ವ್ಯಾಟ್ ಬಿಸಿ. ಡಿಜಿಟಲ್ ಸರ್ವೋಗಳು ಅದಕ್ಕಿಂತ ಜಾಸ್ತಿ ಎಳೆಯುತ್ತವೆ, ಗಾಳಿ ಆಡದ ಮುಚ್ಚಿದ ಮೂಗು ಬೇರೆ. ಕಾದು ಕಾದು ಬಿಇಸಿ ತನ್ನಷ್ಟಕ್ಕೆ ಆಫ್ ಆಗುತ್ತದೆ, ಅಲ್ಲಿಗೆ ಮೋಟರೂ ಇಲ್ಲ, ಸರ್ವೋನೂ ಇಲ್ಲ.

ಬ್ಯಾಟರಿ ಇಳಿದು ಬೀಳುವುದು ಬೇರೆ ಥರ. ಆಗ ಇಎಸ್‌ಸಿ ಮೋಟರನ್ನು ಮಾತ್ರ ನಿಲ್ಲಿಸುತ್ತದೆ, ಕಂಟ್ರೋಲ್ ಇರುತ್ತದೆ, ತೇಲಿಸಿಕೊಂಡು ಇಳಿಸಬಹುದು. ನಿಜಕ್ಕೂ ಸಿಗ್ನಲ್ ಹೋದರೆ, ಸರಿಯಾಗಿ ಸೆಟ್ ಮಾಡಿದ ಫೇಲ್‌ಸೇಫ್ (ಸಿಗ್ನಲ್ ಹೋದಾಗ ಏನಾಗಬೇಕು ಅನ್ನೋ ಸೆಟ್ಟಿಂಗ್) ಮೋಟರಿನ ಥ್ರಾಟಲ್ ಇಳಿಸುತ್ತದೆ, ಆದರೆ ರಿಸೀವರ್ ಆನ್ ಆಗೇ ಇರುತ್ತದೆ.

ಹಾಗಾಗಿ ದುಡ್ಡು ಕೊಡುವ ಮುಂಚೆ ಮಾರುವವರ ಎದುರಿಗೇ ಪ್ರೊಪೆಲ್ಲರ್ ಬಿಚ್ಚಿಸಿ. ಇದನ್ನು ಮರೆಯಬೇಡಿ, ಬೆರಳು ಹೋಗುತ್ತದೆ. ಫುಲ್ ಚಾರ್ಜ್ ಆದ ಬ್ಯಾಟರಿ ಹಾಕಿ, ರಿಸೀವರಿನ ಖಾಲಿ ಚಾನೆಲ್ಲಿಗೆ ವೋಲ್ಟ್ ಮೀಟರ್ ಸಿಕ್ಕಿಸಿ, ಎರಡೂ ಸ್ಟಿಕ್ಕನ್ನು ಎಲ್ಲಾ ಕಡೆಗೂ ಬಿಡದೆ ತಿರುಗಿಸ್ತಾ ಇರಿ, ಒಂದೆರಡು ನಿಮಿಷ ಸಾಕಾಗಲ್ಲ, ಹಾರಾಟ ಎಷ್ಟು ಹೊತ್ತೋ ಅಷ್ಟು ಹೊತ್ತು. 5 ವೋಲ್ಟ್ ಪದೇಪದೇ ಕುಸಿದರೆ ಆ ಸೆಟಪ್ ಹಾರಿಸಬೇಡಿ.

ಹಾಗೇ ಸ್ಟಿಕ್ ಬಲಕ್ಕೆ ತಂದಾಗ ಬಲಗಡೆಯ ಏಲರಾನ್ (ರೆಕ್ಕೆಯ ಹಿಂದಿನ ಪಟ್ಟಿ) ಮೇಲೇಳಬೇಕು, ಅದನ್ನೂ ನೋಡಿ. ತೂಕ ಬಾಲದ ಕಡೆ ಜಾಸ್ತಿ ಇದ್ದರಂತೂ ಯಾವ ಪೈಲಟ್ಟಿಗೂ ಕಷ್ಟ.

ವಿಮಾನ ಇಷ್ಟವಾಗಿ ಬಿಇಸಿ ಒಂದೇ ತೊಂದರೆ ಅಂದರೆ, ಲೀನಿಯರಿನಷ್ಟು ಬಿಸಿಯಾಗದ ಸ್ವಿಚಿಂಗ್ ಬಿಇಸಿ ಬೇರೆಯಾಗಿ ಹಾಕಿಸಿ. 5 ಆಂಪಿಯರಿನದಾದರೆ 4 ಸಾಧಾರಣ ಸರ್ವೋಗೆ ಆರಾಮಾಗಿ ಸಾಕು. ಹಾಕುವಾಗ ಇಎಸ್‌ಸಿಯಿಂದ ರಿಸೀವರಿಗೆ ಬರುವ ಕೆಂಪು ವೈರನ್ನು ಕನೆಕ್ಟರಿನಿಂದ ಹೊರಗೆ ತೆಗೆದು ಟೇಪ್ ಸುತ್ತಿ, ಎರಡು ಬಿಇಸಿ ಒಂದಕ್ಕೊಂದು ಗುದ್ದಾಡಬಾರದು.