ಹಳೇ ಡಯಾಬ್ಲೋ: ಮೂರು ಕಡೆ ಆಡಿ ನೋಡಿದೆ

ಎರಡನೆಯದಲ್ಲ, ನಾಲ್ಕನೆಯದಲ್ಲ, ಮೊದಲನೇ ಡಯಾಬ್ಲೋ ಕಂಪ್ಯೂಟರ್ ಆಟ. 1996ರ ಕೊನೆಯಲ್ಲಿ ಬಂದಿದ್ದು. ಮತ್ತೆ ಆಡೋಣ ಅನ್ನಿಸಿ ಹುಡುಕಿದರೆ ಎದುರಿಗೆ ಮೂರು ದಾರಿ ಕಂಡವು. ಗಾಗ್ ಅನ್ನುವ ಆನ್‌ಲೈನ್ ಆಟದ ಅಂಗಡಿಯಲ್ಲಿ 2019ರಿಂದ ಮಾರುತ್ತಿರುವ ಆಟವನ್ನು ಇದ್ದ ಹಾಗೇ ಆಡಬಹುದು. ಅದೇ ಆಟದ ಫೈಲ್ ಇಟ್ಟುಕೊಂಡು ಡೆವಿಲ್ಯೂಷನ್‌ಎಕ್ಸ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಲ್ಯಾಪ್‌ಟಾಪ್ ಮೇಲೆ ಆಡಬಹುದು. ಇಲ್ಲಾಂದ್ರೆ ಅದನ್ನೇ ಫೋನಿಗೆ ಹಾಕಿಕೊಳ್ಳಬಹುದು. ಮೂರರಲ್ಲೂ ಬಿಲ್ಲು ಹಿಡಿಯುವ ರೋಗ್ ಪಾತ್ರವನ್ನೇ ತೆಗೆದುಕೊಂಡು, ಚರ್ಚ್ ಕೆಳಗಿನ ನೆಲಮಾಳಿಗೆಯ ಎರಡನೇ ಮಹಡಿಯಲ್ಲಿರುವ ಬುಚರ್ ಅನ್ನುವ ರಾಕ್ಷಸನನ್ನು ಕೊಲ್ಲುವವರೆಗೆ ಆಡುವುದು ಅಂತ ಲೆಕ್ಕ ಹಾಕಿದೆ. ಲೆಕ್ಕ ತಪ್ಪಿತು. ಈ ಆಟದಲ್ಲಿ ಎಲ್ಲ ಸಲವೂ ಎಲ್ಲ ಕ್ವೆಸ್ಟ್ (ಆಟ ನಮಗೆ ಒಪ್ಪಿಸುವ ಕೆಲಸ) ಬರುವುದಿಲ್ಲ ಅನ್ನುವುದು ಮರೆತೇ ಹೋಗಿತ್ತು. ಚರ್ಚ್ ಮುಂದೆ ಗಾಯಗೊಂಡು ಬಿದ್ದಿರುವ ಮನುಷ್ಯ ಇಲ್ಲ ಅಂದ್ರೆ ಒಳಗೆ ಬುಚರ್ ಕೂಡ ಇಲ್ಲ. ಫೋನಿನಲ್ಲಿ ಅದಕ್ಕಾಗಿಯೇ ಎರಡು ಸಲ ಹೊಸ ಆಟ ಶುರು ಮಾಡಬೇಕಾಯಿತು.

ಮೊದಲು ಗಾಗ್‌ನದು. ತೆರೆದ ಕೂಡಲೇ ಎರಡು ಆಯ್ಕೆ ಕೊಡುತ್ತದೆ, ಒಂದು ಹಳೇ ರೂಪ, ಇನ್ನೊಂದು ಈಗಿನ ಸ್ಕ್ರೀನಿಗೆ ಹೊಂದುವಂತೆ ಸರಿ ಮಾಡಿದ್ದು. ಹಳೇ ರೂಪ ಅಂದ್ರೆ 640x480, ಸೆಕೆಂಡಿಗೆ 20 ಫ್ರೇಮ್. ಮೊದಲ ಹತ್ತು ನಿಮಿಷ ಕಣ್ಣಿಗೆ ಕಿರಿಕಿರಿ, ಆಮೇಲೆ ಗೊತ್ತೇ ಆಗಲ್ಲ. ಗೊತ್ತಾಗುವುದು ನಡಿಗೆ. ಟ್ರಿಸ್ಟ್ರಮ್ ಊರಿನಲ್ಲಿ ಓಡುವ ಹಾಗಿಲ್ಲ. ಮಾಟಗಾತಿ ಏಡ್ರಿಯಾಳ ಗುಡಿಸಲು ನದಿಯಾಚೆ, ಮರದ ಕಾಲಿನ ಹುಡುಗ ವರ್ಟ್ ಊರಿನ ಇನ್ನೊಂದು ತುದಿ. ಅವಳ ಹತ್ತಿರ ಒಂದು ಮಂತ್ರದ ಸ್ಕ್ರೋಲ್ ಕೊಂಡು ಅವನ ಹತ್ತಿರ ಹೋಗೋಕೆ ಹತ್ತಿರ ಹತ್ತಿರ ಅರ್ಧ ನಿಮಿಷ ಬೇಕು. ಅಷ್ಟು ನಡೆದು ಹೋದರೆ ಆ ಹುಡುಗ, ಮಾಲು ಬರೀ ತೋರಿಸೋಕೇ 50 ಚಿನ್ನ ಕೇಳುತ್ತಾನೆ! ಕೊಟ್ಟರೆ ತೋರಿಸುವುದು ನನಗೆ ಬೇಡದ ಗದೆ.

ಹಾಗಂತ ಈ ನಿಧಾನ ಪೂರ್ತಿ ಕೆಟ್ಟದ್ದೂ ಅಲ್ಲ. ಮ್ಯಾಟ್ ಉಲ್ಮೆನ್ ಮಾಡಿದ ಟ್ರಿಸ್ಟ್ರಮ್ ಸಂಗೀತದಲ್ಲಿ ಒಂದು ಹನ್ನೆರಡು ತಂತಿ ಗಿಟಾರ್ ಇದೆ, ಅದನ್ನು ಪೂರ್ತಿ ಕೇಳಿಸಿಕೊಂಡದ್ದು ಗಾಗ್‌ನಲ್ಲಿ ಮಾತ್ರ. ಉಳಿದೆರಡು ಕಡೆ ಅದು ಶುರುವಾಗುವಷ್ಟರಲ್ಲಿ ನಾನು ಊರು ಬಿಟ್ಟಿರುತ್ತಿದ್ದೆ.

ಡೆವಿಲ್ಯೂಷನ್‌ಎಕ್ಸ್‌ನ ಹಿಂದೆ ಒಂದು ಮಜಾ ಕಥೆ ಇದೆ. ಜಪಾನಿನ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಆಟ ಮಾಡಿದವರು ಮರೆತು ಬಿಟ್ಟುಹೋದ ಒಂದು ಫೈಲ್‌ನಲ್ಲಿ ಕೋಡ್‌ನ ಹೆಸರುಗಳೆಲ್ಲ ಇದ್ದವು. ಅದರ ಸುಳಿವು ಹಿಡಿದು ಅಭಿಮಾನಿಗಳು ಇಡೀ ಆಟದ ಕೋಡನ್ನು ಹಿಂದಿನಿಂದ ಬಿಚ್ಚಿ ಬರೆದರು, 2018ರಲ್ಲಿ ಹೊರಗೆ ಬಂತು. ಅದರ ಮೇಲೆ ಕಟ್ಟಿದ್ದು ಇದು. ಗಾಗ್‌ನಿಂದ ಕೊಂಡ ಆಟದ ಡಯಾಬ್‌ಡ್ಯಾಟ್ ಫೈಲನ್ನು ಇದರ ಫೋಲ್ಡರಿಗೆ ಹಾಕಿದರೆ ಮುಗಿಯಿತು. ಸ್ಕ್ರೀನ್ ತುಂಬಾ ಆಟ, ಊರಿನಲ್ಲಿ ಓಟ, ಚಿನ್ನದ ಮೇಲೆ ಕಾಲಿಡುತ್ತಿದ್ದ ಹಾಗೆ ತಾನೇ ಚೀಲಕ್ಕೆ. ಬೇಕು ಅಂದ್ರೆ ಆನ್, ಬೇಡ ಅಂದ್ರೆ ಆಫ್. ಇನ್ನೊಂದು ದೊಡ್ಡ ಉಪಕಾರ: ಹೊಡೆಯೋಕೆ ಮೌಸ್ ಒತ್ತಿ ಹಿಡಿದರೆ ಸಾಕು. ಹಳೇದರಲ್ಲಿ ಪ್ರತಿ ಏಟಿಗೂ ಒಂದು ಕ್ಲಿಕ್, ಒಂದು ಗಂಟೆ ಆಡಿದರೆ ತೋರುಬೆರಳು ಸತ್ತೇ ಹೋಗುತ್ತಿತ್ತು.

ಆದರೆ ಅನುಕೂಲ ಜಾಸ್ತಿಯಾದರೂ ಕಷ್ಟ. ಸ್ಕ್ರೀನಿನ ಮೇಲ್ತುದಿಯಲ್ಲಿ ಶತ್ರುವಿನ ಪ್ರಾಣದ ಪಟ್ಟಿ ತೋರಿಸುವ ಆಯ್ಕೆ ಆನ್ ಮಾಡಿಕೊಂಡೇ ಬುಚರ್ ಕೋಣೆಯ ಬಾಗಿಲು ತೆಗೆದೆ. ನೆಲ ಪೂರ್ತಿ ರಕ್ತ, ಶೂಲಕ್ಕೇರಿಸಿದ ಹೆಣಗಳು, 'ತಾಜಾ ಮಾಂಸ' ಅಂತ ಅವನು ಕೂಗುವ ಆ ದನಿ. ಮೈ ಜುಮ್ಮೆನ್ನಬೇಕಿತ್ತು. ನನ್ನ ಕಣ್ಣೆಲ್ಲ ಪಟ್ಟಿ ಮೇಲೆ, ಇನ್ನೆಷ್ಟು ಬಾಣ ಬೇಕು ಅಂತ ಎಣಿಸುತ್ತಿದ್ದೆ. ಗಾಗ್‌ನಲ್ಲಿ ಇದೇ ಜಗಳ ಬೇರೆ ಥರ ಆಗಿತ್ತು: ಓಡಿ ಬಂದು, ಕಂಬಿ ಹಾಕಿದ ಗೋಡೆಯ ಈಚೆ ನಿಂತು, ಅವನು ಆಚೆ ಸುಮ್ನೆ ಗೋಡೆಗೆ ತಲೆ ಕೊಟ್ಟು ನಿಂತಿರುವಾಗ ಒಂದೊಂದೇ ಬಾಣ ಬಿಡುತ್ತಾ, ಸತ್ತನಾ ಇಲ್ವಾ ಗೊತ್ತಿಲ್ಲದೆ, ಎಡಗೈ ಮಾತ್ರ ಮದ್ದಿನ ಸೀಸೆಗಾಗಿ 1ನೇ ಕೀ ಮೇಲೆ. ಆ ಪಟ್ಟಿಯನ್ನು ಆವತ್ತೇ ಆಫ್ ಮಾಡಿದೆ. ಓಟ ಮಾತ್ರ ಇರಲಿ ಅಂತ ಬಿಟ್ಟೆ, ವರ್ಟ್‌ನನ್ನು ನೋಡೋಕೆ ಅಷ್ಟು ದೂರ ನಡೆಯುವ ವಯಸ್ಸು ನಂದಲ್ಲ.

ಫೋನಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕೆಲಸ ಮಾಡುತ್ತದೆ. ಎಡಕ್ಕೆ ದಿಕ್ಕಿನ ಬಟನ್, ಬಲಕ್ಕೆ ಹೊಡೆಯುವ ಬಟನ್. ನೆಲಮಾಳಿಗೆ ಮೊದಲೇ ಕತ್ತಲು, ಅದರ ಮೇಲೆ ಎರಡು ಹೆಬ್ಬೆರಳು, ಮೂಲೆಯಿಂದ ಯಾರು ಬಂದರು ಅಂತ ಏಟು ಬಿದ್ದ ಮೇಲೆ ಗೊತ್ತಾಗುತ್ತದೆ. ಬಿಸಿಲಿನಲ್ಲಂತೂ ಆಡೋದೇ ಬೇಡ. ಬುಚರ್ ನನ್ನನ್ನು ನಾಲ್ಕು ಸಲ ಕೊಂದ, ಅದರಲ್ಲಿ ಒಂದು ಸಲ ನಾನು ಓಡಿಹೋಗುತ್ತಿದ್ದೇನೆ ಅಂದುಕೊಂಡು ಅವನ ಕಡೆಗೇ ನಡೆದಿದ್ದೆ. ಬ್ಲೂಟೂತ್ ಕಂಟ್ರೋಲರ್ ಜೋಡಿಸಿದ ಮೇಲೆ ಚೆನ್ನಾಗಿತ್ತು, ಆದರೆ ಕಂಟ್ರೋಲರ್ ಹೊತ್ತುಕೊಂಡು ಓಡಾಡುವವನು ಲ್ಯಾಪ್‌ಟಾಪನ್ನೇ ಹೊತ್ತುಕೊಳ್ಳಬಹುದಲ್ವಾ?

ದುಡ್ಡು ಕೊಡುವ ಮುಂಚೆ ರುಚಿ ನೋಡಬೇಕು ಅನ್ನುವವರಿಗೆ ಹಳೇ ಶೇರ್‌ವೇರ್ ಫೈಲ್ ಕೂಡ ಡೆವಿಲ್ಯೂಷನ್‌ಎಕ್ಸ್‌ನಲ್ಲಿ ಓಡುತ್ತದೆ. ವಾರಿಯರ್ ಒಬ್ಬನೇ, ಮಹಡಿ ಎರಡೇ. ಒಟ್ಟು 16 ಮಹಡಿ ಇರುವ ಆಟದಲ್ಲಿ ಇದು ಉಪ್ಪಿನಕಾಯಿ ಅಷ್ಟೇ, ಆದರೂ ನಿಮಗೆ ಹಿಡಿಸುತ್ತದಾ ಇಲ್ವಾ ಅಂತ ತಿಳಿಯೋಕೆ ಸಾಕು.

ನಾನಂತೂ ಲ್ಯಾಪ್‌ಟಾಪಿನ ಡೆವಿಲ್ಯೂಷನ್‌ಎಕ್ಸ್‌ನಲ್ಲಿ ಉಳಿದುಕೊಂಡೆ. ಈಗ ಆರನೇ ಮಹಡಿ. ಸೇವ್ ಫೈಲನ್ನು ಫೋನಿಗೂ ಕಾಪಿ ಮಾಡಿಟ್ಟುಕೊಂಡಿದ್ದೇನೆ, ಆದರೆ ಅಲ್ಲಿ ಊರಿನ ಕೆಲಸ ಮಾತ್ರ: ಗ್ರಿಸ್‌ವಲ್ಡ್ ಹತ್ತಿರ ಬಿಲ್ಲು ರಿಪೇರಿ, ಪೆಪಿನ್ ಹತ್ತಿರ ಮದ್ದು, ವರ್ಟ್‌ಗೆ ಇನ್ನೊಂದು 50. ನಿನ್ನೆಯೂ ಗದೆಯನ್ನೇ ತೋರಿಸಿದ.