ಡೊಂಬಿವಲಿಯಿಂದ ಸಿಎಸ್‌ಎಂಟಿ: ಸೆಂಟ್ರಲ್ ಲೈನ್ ಲೋಕಲ್, ಹತ್ತು ವರ್ಷ ಬಳಸಿದ ಮೇಲೆ

ಐದರಲ್ಲಿ ಮೂರೂವರೆ ಸ್ಟಾರ್. ಗಾಡಿಗಳ ಸಂಖ್ಯೆಗೂ ಟಿಕೆಟ್ ದರಕ್ಕೂ ಪೂರ್ತಿ ಅಂಕ. ಕಳೆದದ್ದೆಲ್ಲ ಟೈಮ್‌ಟೇಬಲ್ ಲೆಕ್ಕಕ್ಕೆ. ಮುಂಬೈಗೆ ಹೊಸದಾಗಿ ಬಂದು ಡೊಂಬಿವಲಿ, ಕಲ್ಯಾಣ್, ಬದ್ಲಾಪುರ ಕಡೆ ಮನೆ ಹುಡುಕುವ ಕನ್ನಡದವರು ಈಗಲೂ ಜಾಸ್ತಿ. ಅವರಿಗೆ ಉಪಯೋಗವಾದರೆ ಸಾಕು ಅಂತ ಬರೆಯುತ್ತಿದ್ದೇನೆ. ನನ್ನ ಮನೆ ಡೊಂಬಿವಲಿ, ಆಫೀಸು ಫೋರ್ಟ್.

ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ದಕ್ಷಿಣ ಮುಂಬೈನ ಕೊನೆಯ ಸ್ಟೇಷನ್) ಕಲ್ಯಾಣ್‌ಗೆ ಸುಮಾರು 54 ಕಿ.ಮೀ. ಡೊಂಬಿವಲಿ ಅದಕ್ಕೆ ಸ್ವಲ್ಪ ಮೊದಲು. ಕಲ್ಯಾಣ್‌ನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಕಸಾರಾ ಕಡೆಗೆ, ಇನ್ನೊಂದು ಕರ್ಜತ್, ಖೋಪೋಲಿ ಕಡೆಗೆ. ನವಿ ಮುಂಬೈ ಕಡೆಯ ಹಾರ್ಬರ್ ಲೈನ್ ಸೇರಿಸಿದರೆ ದಿನಕ್ಕೆ 1800ಕ್ಕೂ ಹೆಚ್ಚು ಲೋಕಲ್‌ಗಳು. ಸೆಕೆಂಡ್ ಕ್ಲಾಸಿನ ಕನಿಷ್ಠ ಟಿಕೆಟ್ ಇವತ್ತಿಗೂ 5 ರೂಪಾಯಿ. ಇಷ್ಟು ಕಡಿಮೆ ದುಡ್ಡಿಗೆ ಕರೆದುಕೊಂಡು ಹೋಗುವ ಇನ್ನೊಂದು ವ್ಯವಸ್ಥೆ ನಾನಂತೂ ನೋಡಿಲ್ಲ.

ಹೊಸಬರು ಆಪ್ ತೆರೆದ ಕೂಡಲೇ ಫಾಸ್ಟ್ ಯಾವುದು ಅಂತ ಹುಡುಕುತ್ತಾರೆ. ಫಾಸ್ಟ್ ಅಂದರೆ ದೊಡ್ಡ ಸ್ಟೇಷನ್‌ಗಳಲ್ಲಿ ಮಾತ್ರ ನಿಲ್ಲುವುದು, ಸ್ಲೋ ಅಂದರೆ ಎಲ್ಲ ಕಡೆ ನಿಲ್ಲುವುದು. ಕಲ್ಯಾಣ್‌ನಿಂದ ಸಿಎಸ್‌ಎಂಟಿಗೆ ಫಾಸ್ಟ್‌ನಲ್ಲಿ ಒಂದು ಗಂಟೆ ಚಿಲ್ಲರೆ, ಸ್ಲೋನಲ್ಲಿ ಸುಮಾರು ಒಂದೂವರೆ ಗಂಟೆ. ಇದನ್ನು ನೋಡಿದರೆ ಯಾರಾದರೂ ಫಾಸ್ಟೇ ಹಿಡಿಯುತ್ತಾರೆ, ಅಲ್ವಾ? ಆದರೆ ಬೆಳಗ್ಗೆ ಮೊದಲು ನೋಡಬೇಕಾದದ್ದು ಗಾಡಿ ಎಲ್ಲಿಂದ ಹೊರಟು ಬರುತ್ತಿದೆ ಅನ್ನುವುದನ್ನು. ಬದ್ಲಾಪುರ, ಕರ್ಜತ್, ಕಸಾರಾದಿಂದ ಬರುವ ಫಾಸ್ಟ್ ಡೊಂಬಿವಲಿಗೆ ಬರುವ ಹೊತ್ತಿಗೆ ಬಾಗಿಲ ತನಕ ತುಂಬಿರುತ್ತದೆ. ಕಾಲಿಡಲು ಜಾಗ ಸಿಕ್ಕಿದರೆ ಪುಣ್ಯ. ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಖಾಲಿ ಬಂದು ನಿಲ್ಲುತ್ತದೆ. ಕಿಟಕಿ ಸಿಗದಿದ್ದರೂ ನಾಲ್ಕನೇ ಸೀಟಾದರೂ ಸಿಗುತ್ತದೆ. ಮೂರು ಜನರ ಬೆಂಚಿನ ತುದಿಯಲ್ಲಿ ಒಂದು ತೊಡೆ ಊರಿ, ಇನ್ನೊಂದು ಕಾಲನ್ನು ನಡುದಾರಿಗೆ ಚಾಚಿ ಕೂರುವುದಕ್ಕೆ ಇಲ್ಲಿ ನಾಲ್ಕನೇ ಸೀಟು ಅನ್ನುತ್ತಾರೆ. ಕೇಳದೆಯೇ ಸರಿದು ಜಾಗ ಕೊಡುವುದು ಈ ಲೈನಿನ ಮರ್ಯಾದೆ.

ಇಷ್ಟೂ ಸಾಲದು ಅನ್ನುವವರು ರಿಟರ್ನ್ ಬರುತ್ತಾರೆ. ಅಂದರೆ ಡೊಂಬಿವಲಿಯಿಂದ ಕಲ್ಯಾಣ್‌ಗೆ ಉಲ್ಟಾ ಹೋಗಿ, ಅಲ್ಲಿಂದಲೇ ವಾಪಸ್ ಹೊರಡುವ ಅದೇ ಗಾಡಿಯಲ್ಲಿ ಕೂತು ಬರುವುದು. ಇದರಿಂದ ಕಲ್ಯಾಣ್‌ನಲ್ಲಿ ಕಾಯುತ್ತಿದ್ದವರಿಗೆ ಸೀಟಿಲ್ಲ, ಜಗಳ ಗ್ಯಾರಂಟಿ. ಸಂಜೆಗೆ ಇದರದ್ದೇ ಇನ್ನೊಂದು ರೂಪ. ಥಾಣೆಯಲ್ಲಿ ಇಳಿಯುವವರು ಕರ್ಜತ್ ಗಾಡಿ ಹತ್ತಿದರೆ ದೂರದವರ ಮುಖ ಗಂಟಿಕ್ಕುತ್ತದೆ. ಅವರ ಸಿಟ್ಟಿನಲ್ಲೂ ನ್ಯಾಯವಿದೆ. ಥಾಣೆಯವರಿಗೆ ಹತ್ತು ಗಾಡಿ ಇದ್ದರೆ ಕರ್ಜತ್‌ನವರಿಗೆ ಒಂದು.

ಪ್ಲಾಟ್‌ಫಾರ್ಮಿನಲ್ಲಿ ಮುಂದಿನ ಗಾಡಿ ಯಾವುದು ಅಂತ ತೋರಿಸುವ ಇಂಡಿಕೇಟರ್ ಓದುವುದನ್ನು ಮೊದಲ ವಾರವೇ ಕಲಿಯಿರಿ. ಅದರಲ್ಲಿ ಊರಿನ ಪೂರ್ತಿ ಹೆಸರಿನ ಜಾಗದಲ್ಲಿ ಅಕ್ಷರಗಳಿರುತ್ತವೆ. 'ಕೆ' ಕಲ್ಯಾಣ್, 'ಟಿ' ಥಾಣೆ, 'ಬಿಎಲ್' ಬದ್ಲಾಪುರ, 'ಟಿಎಲ್' ಟಿಟ್ವಾಲಾ. ಇಲ್ಲಿಯವರೆಗೆ ಸರಿ. ಕಸಾರಾಕ್ಕೆ 'ಎನ್', ಕರ್ಜತ್‌ಗೆ 'ಎಸ್'. ಪಕ್ಕದಲ್ಲಿ ಫಾಸ್ಟ್‌ಗೆ 'ಎಫ್', ಸ್ಲೋಗೆ ಮತ್ತೆ 'ಎಸ್'! ಎರಡು 'ಎಸ್' ಕಂಡರೆ ಅದು ಕರ್ಜತ್ ಸ್ಲೋ. ಇದನ್ನು ಯಾರು ಯಾಕೆ ಹೀಗೆ ಮಾಡಿದರೋ, ಎಲ್ಲರೂ ಬಾಯಿಪಾಠ ಮಾಡಿಕೊಂಡುಬಿಟ್ಟಿದ್ದಾರೆ. ಜೊತೆಗೆ ಬೋಗಿ ಎಷ್ಟು ಅಂತಲೂ ನೋಡಿ, 12ರದ್ದೋ 15ರದ್ದೋ. ಎರಡಕ್ಕೂ ಒಂದೇ ಜಾಗದಲ್ಲಿ ನಿಂತರೆ ನಿಮ್ಮ ಡಬ್ಬಿ ಬೇರೆ ಕಡೆ ಬಂದು ನಿಲ್ಲುತ್ತದೆ.

ಈಗ ಹಳಿಗಳ ವಿಷಯ. ಅದು ಗೊತ್ತಾದರೆ ಟೈಮ್‌ಟೇಬಲ್ ಯಾಕೆ ಹೀಗಿದೆ ಅಂತ ಅರ್ಧ ಅರ್ಥವಾಗುತ್ತದೆ. ಬಹಳ ವರ್ಷ ಫಾಸ್ಟ್ ಲೋಕಲ್‌ಗಳೂ ದೂರದೂರಿನ ಮೇಲ್, ಎಕ್ಸ್‌ಪ್ರೆಸ್‌ಗಳೂ ಥಾಣೆ ದಾಟಿದ ಮೇಲೆ ಒಂದೇ ಜೋಡಿ ಹಳಿಯಲ್ಲಿ ಪಾರ್ಸಿಕ್ ಸುರಂಗದೊಳಗೆ ನುಗ್ಗುತ್ತಿದ್ದವು. ಒಂದು ಎಕ್ಸ್‌ಪ್ರೆಸ್ ತಡವಾದರೆ ಹಿಂದಿನ ಲೋಕಲ್‌ಗಳೆಲ್ಲ ಸಾಲಾಗಿ ನಿಲ್ಲುತ್ತಿದ್ದವು. ನಮ್ಮ ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್‌ಗೂ ಇದೇ ದಾರಿ. ಊರಿಗೆ ಹೋಗುವಾಗ ಅದರಲ್ಲಿ ಖುಷಿಯಾಗಿ ಕೂತಿರುತ್ತೇವೆ. ಉಳಿದ ದಿನ ಅದಕ್ಕೆ ದಾರಿ ಬಿಟ್ಟು ನಿಂತ ಲೋಕಲ್‌ನಲ್ಲಿ ಬೈದುಕೊಳ್ಳುತ್ತೇವೆ. 2022ರ ಫೆಬ್ರವರಿಯಲ್ಲಿ ಥಾಣೆ–ದಿವಾ ನಡುವೆ ಐದನೇ, ಆರನೇ ಹಳಿ ಬಂದವು. ಸುರಂಗ ಎಕ್ಸ್‌ಪ್ರೆಸ್‌ಗಳ ಪಾಲಾಯಿತು, ಫಾಸ್ಟ್ ಲೋಕಲ್‌ಗಳು ನಡುವಿನ ಸ್ಟೇಷನ್‌ಗಳಾದ ಕಳವಾ, ಮುಂಬ್ರಾ ಕಡೆ ಸುತ್ತಿ ಓಡತೊಡಗಿದವು. ಕುರ್ಲಾದಿಂದ ಹೊರಟು ದಿವಾದಲ್ಲಿ ತಿರುಗುವ ಮತ್ಸ್ಯಗಂಧಾದಲ್ಲಿ ಮಂಗಳೂರಿಗೆ ಹೋಗುವವರಿಗೂ ಇದರಿಂದ ಅನುಕೂಲವೇ ಆಯಿತು.

ಫಾಸ್ಟ್ ಗಾಡಿ ಕಣ್ಣೆದುರೇ ಓಡತೊಡಗಿದ ಮೇಲೆ ಕಳವಾ, ಮುಂಬ್ರಾದವರು 'ನಮ್ಮಲ್ಲೂ ನಿಲ್ಲಿಸಿ' ಅನ್ನದೆ ಇರುತ್ತಾರೆಯೇ? 2024ರ ಅಕ್ಟೋಬರ್ ಟೈಮ್‌ಟೇಬಲ್‌ನಲ್ಲಿ ಪೀಕ್ ಅವಧಿಯಲ್ಲಿ ಬೆರಳೆಣಿಕೆಯ ಫಾಸ್ಟ್‌ಗಳಿಗೆ ಅಲ್ಲಿ ನಿಲುಗಡೆ ಸಿಕ್ಕಿತು. ಡೊಂಬಿವಲಿಯ ನಮಗೆ ಇದು ಹಿತವಲ್ಲ, ನಿಜ. ಆದರೂ ಅವರು ಕೇಳಿದ್ದು ತಪ್ಪು ಅನ್ನಲಾರೆ. ದಿವಾದಲ್ಲಿ 2015ರ ಜನವರಿಯಲ್ಲಿ ಪ್ರಯಾಣಿಕರು ರೊಚ್ಚಿಗೆದ್ದು ಹಳಿಗಿಳಿದದ್ದು ನೆನಪಿರಬಹುದು. ಅಲ್ಲಿ ಫಾಸ್ಟ್ ನಿಲ್ಲತೊಡಗಿದ್ದು ಅದಾದ ಮೇಲೆಯೇ. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಎರಡು ಲೋಕಲ್‌ಗಳು ಅಕ್ಕಪಕ್ಕ ಹಾದುಹೋಗುವಾಗ ಬಾಗಿಲಲ್ಲಿ ಜೋತುಬಿದ್ದಿದ್ದವರು ಕೆಳಗೆ ಬಿದ್ದು ಜೀವ ಕಳೆದುಕೊಂಡರು. ಹೊಸ ನಾನ್ ಎಸಿ ಗಾಡಿಗಳಿಗೂ ತಾನಾಗಿ ಮುಚ್ಚುವ ಬಾಗಿಲು ಹಾಕುತ್ತೇವೆ ಅಂತ ಘೋಷಣೆ ಬಂತು. ನನ್ನ ಪ್ರಕಾರ ಬಾಗಿಲಿಗಿಂತ ಮೊದಲು ಬೇಕಾದದ್ದು ಆ ಹೊತ್ತಿನಲ್ಲಿ ಇನ್ನೊಂದು ಗಾಡಿ. ಜಾಗವಿದ್ದರೆ ಯಾರು ಸುಮ್ನೆ ನೇತಾಡುತ್ತಾರೆ?

ಭಾನುವಾರದ ಬಗ್ಗೆ ಎರಡೇ ಮಾತು. ಹಳಿ ರಿಪೇರಿಗೆ ಕೆಲವು ಗಂಟೆ ಗಾಡಿಗಳನ್ನು ನಿಲ್ಲಿಸುವ, ಬೇರೆ ಹಳಿಗೆ ಹಾಕುವ ಮೆಗಾ ಬ್ಲಾಕ್ ಎಲ್ಲಿದೆ ಅಂತ ನೋಡದೆ ಹೊರಡಬೇಡಿ. ಸಾಮಾನ್ಯವಾಗಿ ಮಾಟುಂಗಾ–ಮುಲುಂಡ್ ನಡುವೆ ಫಾಸ್ಟ್ ಗಾಡಿಗಳನ್ನು ಸ್ಲೋ ಹಳಿಗೆ ಹಾಕುತ್ತಾರೆ. ಹದಿನೈದು ನಿಮಿಷ ತಡ ಅನ್ನುತ್ತಾರೆ, ನೀವು ಅರ್ಧ ಗಂಟೆ ಇಟ್ಟುಕೊಳ್ಳಿ.

ಎಸಿ ಲೋಕಲ್ ಚೆನ್ನಾಗಿದೆ. ಸೆಂಟ್ರಲ್ ಮೇನ್ ಲೈನಿಗೆ ಅದು ಬಂದದ್ದು 2020ರ ಡಿಸೆಂಬರ್‌ನಲ್ಲಿ. 2022ರ ಮೇನಲ್ಲಿ ಬಿಡಿ ಟಿಕೆಟ್ ದರ ಅರ್ಧಕ್ಕಿಳಿದ ಮೇಲೆ ನನ್ನಂಥವರೂ ಆಗಾಗ ಹತ್ತುತ್ತೇವೆ. ಮೇ ತಿಂಗಳ ಮಧ್ಯಾಹ್ನ ಅದರಲ್ಲಿ ಕೂತವರಿಗೆ ಹಳೆಯ ಗಾಡಿ ಬೇಡವೇ ಬೇಡ ಅನ್ನಿಸುತ್ತದೆ. ಆದರೆ ತಕರಾರು ಇರುವುದು ಬೇರೆ ಕಡೆ. ಹಳಿಯಲ್ಲಿ ಹೊಸ ಜಾಗವಿಲ್ಲ. ಆದ್ದರಿಂದ ಎಸಿ ಗಾಡಿ ಬಂದಾಗಲೆಲ್ಲ ಒಂದು ಸಾದಾ ಲೋಕಲ್ ಹೋಗುತ್ತದೆ. ಆ ಸಾದಾ ಗಾಡಿಯನ್ನೇ ನಂಬಿದ್ದ ಪಾಸಿನವರು ಎಲ್ಲಿಗೆ ಹೋಗಬೇಕು? 2022ರ ಆಗಸ್ಟ್‌ನಲ್ಲಿ ಕಳವಾ, ಬದ್ಲಾಪುರದಲ್ಲಿ ಪ್ರತಿಭಟನೆ ಆದದ್ದು ಇದಕ್ಕೇ. ಕೊನೆಗೆ 10 ಎಸಿ ಸರ್ವೀಸುಗಳನ್ನು ಹಿಂದಕ್ಕೆ ತೆಗೆದುಕೊಂಡು ಸಾದಾ ಗಾಡಿ ಬಿಟ್ಟರು.

ಮನೆ ನೋಡುವವರಿಗೆ ಕೊನೆಯದಾಗಿ ಒಂದು ವಿಷಯ. ಕಲ್ಯಾಣ್ ದಾಟಿದ ಮೇಲೆ ಎಲ್ಲ ಫಾಸ್ಟೂ ಸ್ಲೋನೇ, ಪ್ರತಿ ಸ್ಟೇಷನ್‌ನಲ್ಲೂ ನಿಲ್ಲುತ್ತದೆ. ಬದ್ಲಾಪುರದ ಆಚೆ ಬಾಡಿಗೆ ಕಡಿಮೆ, ಗಾಳಿ ಚೆನ್ನಾಗಿದೆ, ಬ್ರೋಕರ್ 'ಸ್ಟೇಷನ್ನಿಗೆ ಐದೇ ನಿಮಿಷ' ಅನ್ನುತ್ತಾನೆ. ಅಡ್ವಾನ್ಸ್ ಕೊಡುವ ಮುಂಚೆ ಒಂದು ವಾರದ ದಿನ ರಾತ್ರಿ ಹತ್ತರ ಮೇಲೆ ದಾದರ್‌ನಿಂದ ಆ ಸ್ಟೇಷನ್ನಿಗೆ ಹೋಗಿ ನೋಡಿ. ಒಂದು ಕರ್ಜತ್ ಗಾಡಿ ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಲೆಕ್ಕ ಹಾಕಿ. ಆಮೇಲೆ ಬಾಡಿಗೆ ಮಾತಾಡಿ.