ಶ್ರೀಶೈಲದ ಕಾಡುದಾರಿಗೆ ಬಾಗಲಕೋಟೆಯಿಂದ: ಬಸ್ಸು, ರೈಲು, ಕ್ರೂಸರ್

ಯುಗಾದಿ ಹತ್ತಿರವಾದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಊರೂರುಗಳಿಂದ ಶ್ರೀಶೈಲದ ಮಲ್ಲಿಕಾರ್ಜುನನ, ಅಂದರೆ ಮಲ್ಲಯ್ಯನ, ಕಂಬಿಗಳು (ಭಕ್ತರು ಹೆಗಲ ಮೇಲೆ ಹೊತ್ತು ನಡೆಯುವ ಕಾವಡಿಗಳು) ಹೊರಡುತ್ತವೆ. ಮನೆಯ ಹೊಸ್ತಿಲಿನಿಂದಲೇ ನಡೆಯತೊಡಗಿ ಶ್ರೀಶೈಲ ಮುಟ್ಟುವವರಿಗೆ ವಾಹನದ ಚಿಂತೆ ಇಲ್ಲ. ಆದರೆ ಅಷ್ಟು ದಿನ ರಜೆ ಸಿಗದ ನೌಕರರು ಮತ್ತು ಅಂಗಡಿ ಮುಚ್ಚಲಾಗದ ವ್ಯಾಪಾರಸ್ಥರು ಆಂಧ್ರದ ಆತ್ಮಕೂರಿನವರೆಗೆ ವಾಹನದಲ್ಲಿ ಹೋಗಿ, ಅಲ್ಲಿಗೆ ಸಮೀಪದ ವೆಂಕಟಾಪುರದಿಂದ ನಲ್ಲಮಲದ ಕಾಡುದಾರಿಯನ್ನಷ್ಟೇ ನಡೆಯುವುದು ಈಗ ರೂಢಿಯಾಗಿದೆ. ನಾಗಲೂಟಿಯ ವೀರಭದ್ರನ ಗುಡಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರಗಳ ಮೂಲಕ ಸಾಗುವ ಈ ದಾರಿ 40 ಕಿ.ಮೀ. ಆಸುಪಾಸಿನದು. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಶಿವರಾತ್ರಿ ಮತ್ತು ಯುಗಾದಿಯ ದಿನಗಳಲ್ಲಿ ಮಾತ್ರ ಅರಣ್ಯ ಇಲಾಖೆ ಪಾದಯಾತ್ರಿಗಳನ್ನು ಒಳಗೆ ಬಿಡುತ್ತದೆ.

ಬಾಗಲಕೋಟೆಯಿಂದ ವೆಂಕಟಾಪುರ ಸೇರುವ ಮೂರು ಬಗೆಗಳನ್ನು ನಾನು ಬೇರೆ ಬೇರೆ ವರ್ಷಗಳಲ್ಲಿ ಬಳಸಿದ್ದೇನೆ. ಹೊರಡುವವರು ಸಾಮಾನ್ಯವಾಗಿ ಟಿಕೆಟ್ಟಿನ ದರ ಕೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಎರಡು. ಕಾಡಿನ ಬಾಯಿಗೆ ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂಬುದು ಮೊದಲನೆಯದು. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 30ಕ್ಕೆ. ಎರಡೂ ಉರಿಬಿಸಿಲಿನ ದಿನಗಳೇ. ಎಲೆ ಉದುರಿದ ಕಾಡಿನಲ್ಲಿ ನೆರಳು ಕಡಿಮೆ ಇರುವುದರಿಂದ, ಬೆಳಗಿನ ತಂಪಿನಲ್ಲಿ ನಾಗಲೂಟಿ ದಾಟಿದವರಿಗೂ ಹತ್ತು ಗಂಟೆಯ ಮೇಲೆ ಹೆಜ್ಜೆ ಹಾಕಿದವರಿಗೂ ಅದು ಎರಡು ಬೇರೆ ದಾರಿಗಳೇ ಆಗಿಬಿಡುತ್ತವೆ. ಎರಡನೆಯ ಪ್ರಶ್ನೆ, ನಾವು ಕಾಡಿನೊಳಗೆ ಹೊಕ್ಕ ಮೇಲೆ ನಮ್ಮ ಸಾಮಾನು ಮತ್ತು ವಾಹನ ಏನಾಗುತ್ತವೆ ಎಂಬುದು. ಈ ನಡಿಗೆ ಒಮ್ಮುಖದ್ದು. ಹೊರಟಲ್ಲಿಗೆ ಮರಳಿ ಬರುವುದಿಲ್ಲ. ಆತ್ಮಕೂರಿನಿಂದ ದೋರ್ನಾಲ ಸುತ್ತಿ ಶ್ರೀಶೈಲಕ್ಕೆ ಹೋಗುವ ರಸ್ತೆ ನೂರು ಕಿಲೋಮೀಟರಿಗೂ ಹೆಚ್ಚು.

ಬಸ್ಸಿನ ದಾರಿ ಎಲ್ಲರಿಗೂ ಗೊತ್ತಿರುವಂಥದ್ದು. ಹುನಗುಂದ, ಮುದಗಲ್, ಲಿಂಗಸುಗೂರು ದಾಟಿ ರಾಯಚೂರು, ಅಲ್ಲಿಂದ ಕರ್ನೂಲು, ಕರ್ನೂಲಿನಿಂದ ಸುಮಾರು 70 ಕಿ.ಮೀ. ದೂರದ ಆತ್ಮಕೂರು. ಹಬ್ಬದ ದಿನಗಳಲ್ಲಿ ನಮ್ಮ ಸಾರಿಗೆ ಸಂಸ್ಥೆಗಳು ಶ್ರೀಶೈಲಕ್ಕೆ ವಿಶೇಷ ಬಸ್ಸುಗಳನ್ನು ಬಿಡುತ್ತವೆ. ಬಾಗಲಕೋಟೆಯವರಿಗೆ ವಾಯವ್ಯ ಕರ್ನಾಟಕದ ಬಸ್ಸು, ವಿಜಯಪುರದವರಿಗೆ ಕಲ್ಯಾಣ ಕರ್ನಾಟಕದ ಬಸ್ಸು. ನೇರ ಬಸ್ಸು ಹತ್ತಿ ಆತ್ಮಕೂರಿನಲ್ಲಿ ಇಳಿಯುವುದು ಮೇಲುನೋಟಕ್ಕೆ ಸರಳ. ಆದರೆ ಅದರ ವೇಳೆಯನ್ನು ಶ್ರೀಶೈಲ ಮುಟ್ಟುವವರ ಅನುಕೂಲಕ್ಕೆ ಹೊಂದಿಸಿರುತ್ತಾರೆಯೇ ಹೊರತು ಆತ್ಮಕೂರಿನಲ್ಲಿ ಇಳಿಯುವವರ ಅನುಕೂಲಕ್ಕಲ್ಲ. ಕಾಡಿನ ರಸ್ತೆಯ ಗೇಟು ರಾತ್ರಿ ಮುಚ್ಚಿರುವುದರಿಂದ ಬಸ್ಸು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ನಿರ್ವಾಹಕರನ್ನು ಕೇಳಿದ ಮೇಲೆಯೇ ತಿಳಿಯುತ್ತದೆ. ಹತ್ತುವ ಮೊದಲೇ ಕೇಳಿಕೊಳ್ಳಬೇಕು, ಮತ್ತು ಆತ್ಮಕೂರು ಬಂದಾಗ ಎಬ್ಬಿಸಿ ಎಂದು ಹೇಳಿಡಬೇಕು.

ಅದಕ್ಕಿಂತ ನನಗೆ ಒಗ್ಗಿದ್ದು ಬಸ್ಸನ್ನು ತುಂಡು ತುಂಡಾಗಿ ಹಿಡಿಯುವ ಕ್ರಮ. ರಾಯಚೂರಿನವರೆಗೆ ರಾಜ್ಯದೊಳಗಿನ ಬಸ್ಸು, ಮುಂದೆ ಕರ್ನೂಲಿಗೆ ಒಂದು, ಅಲ್ಲಿಂದ ಆತ್ಮಕೂರಿಗೆ ಆಂಧ್ರದ ಬಸ್ಸು. ಮನೆಯ ಹೆಣ್ಣುಮಕ್ಕಳು ಜೊತೆಗಿದ್ದರೆ ಇದರ ಲಾಭ ಕಣ್ಣಿಗೆ ಕಾಣುವಂಥದ್ದು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆ ಅಂತರರಾಜ್ಯ ಬಸ್ಸಿಗೆ ಅನ್ವಯವಾಗುವುದಿಲ್ಲ. ರಾಯಚೂರಿನಲ್ಲಿ ಬಸ್ಸು ಬದಲಿಸಿದರೆ ಅಲ್ಲಿಯವರೆಗೆ ಅವರಿಗೆ ಟಿಕೆಟ್ಟಿನ ಖರ್ಚಿಲ್ಲ. ನಮ್ಮ ಅತ್ತಿಗೆಯವರು ತಮ್ಮ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಹೀಗೆಯೇ ಕರೆದುಕೊಂಡು ಬಂದರು, ಉಳಿದ ಹಣದಲ್ಲಿ ಮಲ್ಲಯ್ಯನ ಮಡದಿ ಭ್ರಮರಾಂಬೆಗೆ ಉಡಿ ತುಂಬುವ ಸೀರೆ ಕೊಂಡರು. ನಮ್ಮ ಕಡೆಯವರಿಗೆ ಆ ತಾಯಿ ಮನೆಮಗಳು. ತವರಿನ ಸೀರೆ ಎಂದರೆ ಖರ್ಚಿನ ಬಾಬತ್ತಲ್ಲ.

ಬಸ್ಸಿನ ನಿಜವಾದ ಕಷ್ಟ ಕಾಲಿನದು. ರಾತ್ರಿಯಿಡೀ ಕಾಲು ಇಳಿಬಿಟ್ಟು ಕುಳಿತರೆ ಬೆಳಗಿನ ಹೊತ್ತಿಗೆ ಪಾದ ಬಾತಿರುತ್ತದೆ. ಮನೆಯಲ್ಲಿ ಸರಿಯಾಗಿ ಕೂತ ಬೂಟು ಆತ್ಮಕೂರಿನಲ್ಲಿ ಬಿಗಿಯಾಗುತ್ತದೆ, ಕಿರುಬೆರಳಿನ ಪಕ್ಕ ಉಜ್ಜುತ್ತದೆ, ಪೆದ್ದಚೆರುವು ಮುಟ್ಟುವಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ. ಮರುದಿನ ಭೀಮನಕೊಳ್ಳದ ಇಳುಕಲಿನಲ್ಲಿ ಮೈಭಾರವೆಲ್ಲ ಬೆರಳಿನ ತುದಿಗೆ ಬೀಳುವಾಗ ಆ ಬೊಬ್ಬೆಯ ಬೆಲೆ ತಿಳಿಯುತ್ತದೆ. ಬಸ್ಸಿನಲ್ಲಿ ಹೋಗುವವರು ಚಪ್ಪಲಿಯಲ್ಲಿ ಪ್ರಯಾಣ ಮಾಡಿ, ವೆಂಕಟಾಪುರದಲ್ಲಿ ಅರ್ಧ ಗಂಟೆ ಕಾಲು ಚಾಚಿ ಮಲಗಿ, ಆಮೇಲೆ ಬೂಟು ಹಾಕಿಕೊಳ್ಳುವುದು ಲೇಸು.

ಈ ಒಂದು ಕಾರಣಕ್ಕೇ ರೈಲು ಮೇಲು ಎಂದು ವಾದಿಸುವವರಿದ್ದಾರೆ, ಅವರ ವಾದದಲ್ಲಿ ಹುರುಳಿದೆ. ಬಾಗಲಕೋಟೆಯಿಂದ ಗದಗ, ಗದಗಿನಿಂದ ಬಳ್ಳಾರಿ, ಗುಂತಕಲ್ಲು, ಡೋಣ್ ಮಾರ್ಗವಾಗಿ ನಂದ್ಯಾಲ. ನಂದ್ಯಾಲದಿಂದ ವೆಲುಗೋಡು ದಾಟಿ ಆತ್ಮಕೂರಿಗೆ ಬಸ್ಸು. ಮೈಚೆಲ್ಲಿ ಮಲಗಿದರೆ ಪಾದವೂ ಬೆನ್ನೂ ಹಗುರಾಗಿ ಇಳಿಯಬಹುದು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇದ್ದು ಪದೇ ಪದೇ ಏಳಬೇಕಾದವರಿಗೆ ಶೌಚಾಲಯದ ಅನುಕೂಲವೇ ದೊಡ್ಡದು. ಆದರೆ ಬಾಗಲಕೋಟೆಯವರಿಗೆ ಇದು ದಕ್ಷಿಣಕ್ಕೆ ಇಳಿದು ಮತ್ತೆ ಪೂರ್ವಕ್ಕೆ ತಿರುಗುವ ಸುತ್ತು. ಗದಗಿನಲ್ಲಿ ಗಾಡಿ ಬದಲಿಸುವಾಗ ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ಕಾಯಬೇಕು. ಈ ಮಾರ್ಗವಾಗಿ ವಾಸ್ಕೋದಿಂದ ಹೌರಾಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ವಾರದ ಎಲ್ಲ ದಿನವೂ ಓಡುವುದಿಲ್ಲವಾದ್ದರಿಂದ, ಅದನ್ನೇ ನೆಚ್ಚಿದರೆ ನಡಿಗೆಯ ದಿನವನ್ನು ಗಾಡಿಯ ದಿನಕ್ಕೆ ಹೊಂದಿಸಬೇಕಾಗುತ್ತದೆ. ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಯುಗಾದಿಗೆ ಎರಡು ತಿಂಗಳಿದೆ ಎನ್ನುವಾಗಲೇ ಟಿಕೆಟ್ ತೆಗೆದಿಡಬೇಕು. ಬೆಳಗಾವಿಯವರ ಮಾತು ಬೇರೆ. ಅವರಿಗೆ ಲೋಂಡಾದಲ್ಲೋ ಹುಬ್ಬಳ್ಳಿಯಲ್ಲೋ ಒಮ್ಮೆ ಹತ್ತಿದರೆ ನಂದ್ಯಾಲದವರೆಗೆ ಒಂದೇ ಗಾಡಿ ಸಿಗುವುದರಿಂದ, ರೈಲನ್ನು ಬಿಟ್ಟು ಬೇರೆಯದನ್ನು ಯೋಚಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ಕ್ರೂಸರ್, ಅಂದರೆ ಬಾಡಿಗೆಗೆ ಸಿಗುವ ದೊಡ್ಡ ಜೀಪು. ಹತ್ತು ಹನ್ನೆರಡು ಜನ ಕೂಡಿದರೆ ನಮ್ಮ ಕಡೆ ಮೊದಲು ಹೊಳೆಯುವುದು ಇದೇ, ಮತ್ತು ಮೇಲೆ ಹೇಳಿದ ಎರಡು ಪ್ರಶ್ನೆಗಳಿಗೂ ನೇರ ಉತ್ತರ ಕೊಡುವುದೂ ಇದೇ. ನಾವು ಹೇಳಿದ ಹೊತ್ತಿಗೆ ಹೊರಡುತ್ತದೆ, ನಸುಕಿನಲ್ಲಿ ನೇರ ವೆಂಕಟಾಪುರದಲ್ಲಿ ಇಳಿಸುತ್ತದೆ. ನಾವು ಕಾಡು ಹೊಕ್ಕ ಮೇಲೆ ಚಾಲಕನು ಬಟ್ಟೆಯ ಚೀಲ, ಪಾತ್ರೆ, ರೊಟ್ಟಿಯ ಗಂಟುಗಳೊಂದಿಗೆ ದೋರ್ನಾಲದ ಮೂಲಕ ಶ್ರೀಶೈಲಕ್ಕೆ ಹೋಗಿ ಕಾಯುತ್ತಾನೆ. ಬೆನ್ನ ಮೇಲೆ ನೀರಿನ ಬಾಟಲಿ, ಒಂದು ಹೊದಿಕೆ, ಅಮೀನಗಡದ ಕರದಂಟು ಇದ್ದರೆ ಸಾಕು. ದಾರಿಯಲ್ಲಿ ದಾಸೋಹಗಳು ಊಟ ನೋಡಿಕೊಳ್ಳುತ್ತವೆ.

ತೊಡಕು ಇರುವುದು ಗಡಿಯಲ್ಲಿ. ರಾಯಚೂರಿನಿಂದ ಗದ್ವಾಲ ಅಥವಾ ಐಜ ಮಾರ್ಗವಾಗಿ ಕರ್ನೂಲಿಗೆ ಹೋದರೆ ನಡುವೆ ತೆಲಂಗಾಣ ಬರುತ್ತದೆ. 2014ರಲ್ಲಿ ರಾಜ್ಯ ಇಬ್ಭಾಗವಾದ ಮೇಲೆ ಬಾಡಿಗೆ ವಾಹನಕ್ಕೆ ಎರಡು ರಾಜ್ಯಗಳ ಲೆಕ್ಕ ಬೇರೆ ಬೇರೆ. ಮಂತ್ರಾಲಯ, ಎಮ್ಮಿಗನೂರು ಮಾರ್ಗ ಹಿಡಿದರೆ ರಾಯಚೂರು ಜಿಲ್ಲೆಯಿಂದ ತುಂಗಭದ್ರೆ ದಾಟಿ ನೇರ ಆಂಧ್ರಕ್ಕೆ ಇಳಿಯುವುದರಿಂದ ಒಂದೇ ರಾಜ್ಯದ ತೆರಿಗೆ, ಒಂದೇ ಪರವಾನಗಿ. ಅಖಿಲ ಭಾರತ ಪ್ರವಾಸಿ ಪರವಾನಗಿ ಇರುವ ವಾಹನವಾದರೆ ಚಿಂತೆ ಇನ್ನೂ ಕಡಿಮೆ. ನಾವು ಹೋದ ಒಂದು ವರ್ಷ ವಾಹನದ ಮಾಲೀಕರು ಎಲ್ಲ ಕಾಗದಗಳೂ ಆಗಿವೆ ಎಂದು ಮಾತು ಕೊಟ್ಟಿದ್ದರು. ತಪಾಸಣೆಯಲ್ಲಿ ನಿಲ್ಲಿಸಿದಾಗ ಚಾಲಕನ ಮೊಬೈಲಿನಲ್ಲಿದ್ದ ರಸೀದಿ ಹಿಂದಿನ ತಿಂಗಳಿನದೆಂದು ತಿಳಿಯಿತು. ಅಲ್ಲಿಯೇ ತೆರಿಗೆ ಕಟ್ಟಿ ಹೊರಡುವಷ್ಟರಲ್ಲಿ ಬೆಳಗಿನ ತಂಪು ಕಳೆದು, ನಮ್ಮ ಜೊತೆಗಿದ್ದ ಹಿರಿಯರು ನಾಗಲೂಟಿಯ ಮೆಟ್ಟಿಲುಗಳನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತಬೇಕಾಯಿತು. ಆದ್ದರಿಂದ ಮುಂಗಡ ಕೊಡುವ ಮೊದಲೇ ರಸೀದಿಯನ್ನು ಕೈಯಲ್ಲಿ ಹಿಡಿದು ವಾಹನದ ಸಂಖ್ಯೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ರಾಜ್ಯ ಎಂಬುದನ್ನು ಓದಿ ನೋಡಬೇಕು. ಚಾಲಕನ ಭತ್ಯೆ, ಟೋಲ್, ಕಾಯುವ ದಿನಗಳ ಬಾಡಿಗೆ ಯಾರ ಲೆಕ್ಕಕ್ಕೆ ಎಂಬುದನ್ನೂ ಆಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಬಿಳಿ ಫಲಕದ ವಾಹನವನ್ನು ಬಾಡಿಗೆಗೆ ಹಿಡಿಯುವುದು ಕಾನೂನಿಗೂ ವಿರುದ್ಧ; ಅಪಘಾತವಾದರೆ ವಿಮೆಯ ಹಣಕ್ಕೂ ಸಂಚಕಾರ.

ಮಂತ್ರಾಲಯದ ದಾರಿಗೆ ಒಂದು ಎಚ್ಚರಿಕೆಯ ಮಾತು ಸೇರಿಸಬೇಕು. ಅಲ್ಲಿ ಇಳಿದು ರಾಯರ ದರ್ಶನ ಮುಗಿಸಿಯೇ ಹೋಗೋಣ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ದರ್ಶನವನ್ನು ಮರಳುವ ದಾರಿಗೆ ಇಟ್ಟುಕೊಂಡರೆ ನಡಿಗೆಯ ಬೆಳಗು ಉಳಿಯುತ್ತದೆ.

ಸ್ವಂತ ಕಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರನ್ನು ಆತ್ಮಕೂರಿನಲ್ಲಿ ಬಿಟ್ಟು ನಡೆದರೆ, ದರ್ಶನದ ನಂತರ ಕರ್ನೂಲಿನ ಬಸ್ಸು ಹತ್ತಿ ಅಲ್ಲಿಗೇ ಬಂದು, ದಣಿದ ಕಾಲಿನಲ್ಲಿ ಬಾಗಲಕೋಟೆಯವರೆಗೆ ಕಾರು ನಡೆಸಬೇಕು. ಕಾಡು ದಾಟಿ ಬಂದವರು ನಿದ್ದೆಗಣ್ಣಿನಲ್ಲಿ ಚಕ್ರ ಹಿಡಿಯುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ.

ಒಬ್ಬರೋ ಇಬ್ಬರೋ ಹೊರಟಿದ್ದರೆ, ವಯಸ್ಸು ಜೊತೆಗಿದ್ದರೆ, ರಾಯಚೂರಿನಲ್ಲಿ ಬದಲಿಸುವ ಬಸ್ಸನ್ನೇ ನಾನು ಆರಿಸುತ್ತೇನೆ. ಹಿಂದಿನ ದಿನ ಬೆಳಿಗ್ಗೆ ಮನೆ ಬಿಟ್ಟು ಸಂಜೆಯೊಳಗೆ ಆತ್ಮಕೂರು ಸೇರಿ, ರಾತ್ರಿ ಅಲ್ಲಿ ಮಲಗಿ, ನಸುಕಿಗೆ ಆಟೋದಲ್ಲಿ ವೆಂಕಟಾಪುರಕ್ಕೆ ಹೋದರೆ ರಾತ್ರಿ ಪ್ರಯಾಣದ ಬಾಧೆಯೂ ತಪ್ಪುತ್ತದೆ. ಹಿರಿಯರು, ಮಕ್ಕಳು ಇರುವ ತಂಡಕ್ಕೆ ಕ್ರೂಸರ್‌ಗೆ ಸಾಟಿಯಿಲ್ಲ. ನಡಿಗೆಯ ನಡುವೆ ಯಾರಿಗಾದರೂ ಸಾಕಾದರೆ ಹತ್ತಿಸಿಕೊಳ್ಳಲು ಕಾಡಿನೊಳಗೆ ವಾಹನ ಬಾರದು. ಕೈಲಾಸದ್ವಾರ ದಾಟಿ ಹಾಟಕೇಶ್ವರದ ಹತ್ತಿರ ಡಾಂಬರು ರಸ್ತೆ ಸೇರಿದ ಮೇಲೆಯೇ ಆ ಅನುಕೂಲ. ಕಾಡಿನಲ್ಲಿ ಫೋನು ಹಿಡಿಯುವುದನ್ನು ನಂಬದೆ, ಯಾವ ದಿನ ಎಷ್ಟು ಹೊತ್ತಿಗೆ ಹಾಟಕೇಶ್ವರದ ಎದುರು ವಾಹನ ನಿಂತಿರಬೇಕು ಎಂಬುದನ್ನು ವೆಂಕಟಾಪುರದಲ್ಲಿ ಇಳಿಯುವಾಗಲೇ ಚಾಲಕನಿಗೆ ಹೇಳಿ, ಚೀಟಿಯಲ್ಲಿ ಬರೆದುಕೊಟ್ಟು ಹೊರಡಬೇಕು.